ಮಣಿಗೂಡು ಕಾಣುತ್ತಿದೆ ಎಂದ ದನಿ

"ಫೋನು ಕೊಡು," ಎಂದಳು ಸಬ್ ಇನ್ಸ್‌ಪೆಕ್ಟರ್ ಬ್ರಿಜಿತ್.

"ನಿನ್ನೆ ನೋಡಿದ್ರಲ್ಲ ಮೇಡಂ?"

"ನಿನ್ನೆ ನೋಡಿದ್ದು ಯಾರ್ಯಾರಿಗೆ ಕರೆ ಹೋಗಿದೆ ಅಂತ. ಇವತ್ತು ಮಾತು ಕೇಳಬೇಕು. ನಿನ್ನ ಗಂಡ ನಿಂಗೆ ಕಳಿಸಿದ ದನಿ ಎಲ್ಲಾನೂ."

ಫ್ಲೋರಿನ್ ಸೆರಗಿನ ತುದಿಯಿಂದ ಪರದೆ ಒರೆಸಿ ಫೋನು ಕೊಟ್ಟಳು. ಅವಳ ಗಂಡ ಸಿಲುವೈ ಸಣ್ಣ ದೋಣಿಯಲ್ಲಿ ಒಬ್ಬನೇ ಕಡಲಿಗೆ ಇಳಿದು ಇದು ಮೂರನೆಯ ದಿನ. ದೋಣಿಯಲ್ಲಿ ಸದಾ ಇರಬೇಕಾದ ಎಂಜಿನ್ ಬಿಡಿಭಾಗಗಳ ಚೀಲ ನಿನ್ನೆ ಬಲೆಗೂಡಿನ ಹಿಂದೆ ಮರಳಿನಡಿ ಸಿಕ್ಕಿತ್ತು. ಅಂದರೆ ಎಂಜಿನ್ ಕೆಟ್ಟು ಸಿಲುವೈ ನಡುಗಡಲಿನಲ್ಲಿ ಕೈಕಟ್ಟಿ ಕೂರಲಿ ಎಂದು ದಡದ ಮೇಲೆ ಯಾರೋ ಬಯಸಿದ್ದರು.

ಯಾರು ಎನ್ನುವುದರಲ್ಲಿ ಬ್ರಿಜಿತ್‌ಗೆ ಹೆಚ್ಚು ಅನುಮಾನವಿರಲಿಲ್ಲ. ಆ ಯಾರೋ ಈಗ ಎದುರಿಗೇ ನಿಂತು, ಅತ್ತು ಅತ್ತು ಊದಿದ ಕಣ್ಣಲ್ಲೂ ಚೆಂದವಾಗಿಯೇ ಕಾಣುತ್ತಿದ್ದಳು. ಅದೂ ಒಂದು ಸಿಟ್ಟು.

ಮೊದಲ ದನಿ ಒತ್ತಿದಳು. "ಏ ಫ್ಲೋರು, ಬಂದರಿಗೆ ಬಂದೆ. ಮರಗೆಣಸು ಬೇಯಿಸಿಡು. ಮೀನು ನಾನೇ ತರ್ತೀನಿ."

ಮುಂದಿನದು. "ಫ್ಲೋರು, ಕೋಪ ಇಳೀತಾ? ಇಳೀದಿದ್ರೂ ಬರ್ತೀನಿ, ಬಾಗಿಲು ಹಾಕ್ಕೋಬೇಡ."

ಅದರ ಮುಂದಿನದರಲ್ಲಿ ಮಾತೇ ಇರಲಿಲ್ಲ, ಬರೀ ನಗು.

ಆ ನಗು ಬ್ರಿಜಿತ್‌ಗೆ ಗೊತ್ತಿತ್ತು. ಖಾಕಿ ತೊಡುವ ಮೊದಲು, ಇದೇ ಮಣಲ್ತುರೈ ದಡದಲ್ಲಿ ಅವಳು ಮೀನುಗಾರನ ಮಗಳಾಗಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾಗ, ಆ ನಗು ದಿನಕ್ಕೊಂದರಂತೆ ಅವಳ ಫೋನಿಗೆ ಬರುತ್ತಿತ್ತು. ಪ್ರೀತಿ ನಡೆದದ್ದೆಲ್ಲ ಫೋನಿನಲ್ಲೇ. ಹಾಗಾಗಿ ಊರ ಬಾಯಿಗೆ ಬೀಳಲಿಲ್ಲ. ಆ ಒಂದು ಉಪಕಾರವನ್ನು ಫೋನು ಮಾಡಿತ್ತು. ಅವಳು ತರಬೇತಿಗೆ ಹೋದಳು. ತಿರುಗಿ ಬರುವಷ್ಟರಲ್ಲಿ ಅವನು ಫ್ಲೋರಿನ್‌ಗೆ ತಾಳಿ ಕಟ್ಟಿ ಕೇಕು ಕತ್ತರಿಸಿದ್ದ. ಬ್ರಿಜಿತ್ ಕ್ಲೀಟಸ್‌ನನ್ನು ಮದುವೆಯಾದಳು. ಕ್ಲೀಟಸ್ ಒಳ್ಳೆಯವನು, ಮಾತು ಕಡಿಮೆ, ಕೈ ಚುರುಕು. ದೋಣಿಯ ಎಂಜಿನ್ನು, ಪಕ್ಕದ ಮನೆಯ ಮಿಕ್ಸಿ, ಸತ್ತ ರೇಡಿಯೊ, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೀವ ಕೊಡುತ್ತಿದ್ದ. ಹೆಂಡತಿಯ ಹೊಟ್ಟೆಯೊಳಗಿನ ಉರಿಯೊಂದು ಮಾತ್ರ ಅವನ ಸ್ಕ್ರೂಡ್ರೈವರ್‌ಗೆ ಸಿಕ್ಕಿರಲಿಲ್ಲ.

"ಇವೆಲ್ಲ ಯಾಕೆ ಇಟ್ಕೊಂಡಿದೀಯ?" ಎಂದಳು ಬ್ರಿಜಿತ್. ದನಿ ಬೇಕಾದ್ದಕ್ಕಿಂತ ಗಡುಸಾಗಿತ್ತು.

"ಗಂಡನ ದನಿ ಇಟ್ಕೊಳ್ಳೋದು ಈಗ ತಪ್ಪಾ ಮೇಡಂ?"

"ತಪ್ಪಲ್ಲ. ರೂಬನ್ ದನಿನೂ ಇಟ್ಕೊಂಡಿದೀಯ, ಅದಕ್ಕೇ ಕೇಳ್ದೆ. ದಿನಕ್ಕೆ ನಾಲ್ಕು ಸಲ ಅವನಿಗೆ ಕರೆ ಮಾಡ್ತೀಯಂತೆ."

ರೂಬನ್ ಎಂದರೆ ಚರ್ಚಿನ ಅಂಗಳದ ವೈರ್‌ಲೆಸ್ ಕೋಣೆಯ ಹುಡುಗ. ಕಡಲಿನಿಂದ ಬಂದ ಮಾತನ್ನು ಕೇಳಿ, ಫೋನಿನಲ್ಲಿ ಹಿಡಿದು, ಊರ ದೋಣಿಯವರ ಮೊಬೈಲ್ ಗುಂಪಿಗೆ ಹಾಕುವುದು ಅವನ ಕೆಲಸ. ಹೆಂಗಸರು ಅವನ ದನಿಗಾಗಿ ಕಾದಷ್ಟು ಪಾದ್ರಿಯ ಪ್ರಸಂಗಕ್ಕೂ ಕಾಯುತ್ತಿರಲಿಲ್ಲ.

ಫ್ಲೋರಿನ್‌ಳ ಮುಖ ಕೆಂಪಗಾಯಿತು. "ಯಾವ ನಾಲಿಗೆ ಹೇಳಿತು ಅದನ್ನ? ನನ್ನಪ್ಪ ಕಡಲಿಗೆ ಹೋದಾಗ ವೈರ್‌ಲೆಸ್ಸೂ ಇರಲಿಲ್ಲ, ಗುಂಪೂ ಇರಲಿಲ್ಲ. ಅವರ ಚಪ್ಪಲಿ ಒಂದೇ ವಾಪಸ್ ಬಂದಿದ್ದು. ಆಮೇಲಿನ ಸುಳಿಗಾಳೀಲಿ ಇದೇ ಗುಂಪು ನನ್ನ ತಮ್ಮನ್ನ ಜೀವಂತ ಎಳ್ಕೊಂಡು ಬಂತು. ಅವತ್ತಿಂದ ನಂಗೆ ಆ ಕೋಣೆನೇ ಧೈರ್ಯ. ನಮ್ಮವರು ಮಾತಾಡಿದ್ರಾ, ನಮ್ಮವರು ಮಾತಾಡಿದ್ರಾ ಅಂತ ಕೇಳ್ತೀನಿ. ನಾಲ್ಕಲ್ಲ, ಹತ್ತು ಸಲ ಕೇಳ್ತೀನಿ!"

ಮೇಜಿನ ಮೇಲೆ ಒಂದು ತಟ್ಟೆ, ಅದರ ಮೇಲೆ ಇನ್ನೊಂದು ತಟ್ಟೆ ಕವುಚಿತ್ತು. ಬ್ರಿಜಿತ್‌ಳ ಕಣ್ಣು ಅಲ್ಲಿ ಹೋದದ್ದನ್ನು ಫ್ಲೋರಿನ್ ನೋಡಿದಳು.

"ನೆತ್ತಿಲಿ ಹುರಿದಿಟ್ಟಿದೀನಿ," ಎಂದಳು ಮೆತ್ತಗೆ. "ಅವರಿಗೆ ಅದೇ ಆಗಬೇಕು. ಬೆರಳುದ್ದದ ಮೀನು, ಅದರಲ್ಲೇನಿದೆಯೋ. ಬಂದ ಕೂಡ್ಲೇ ಕೇಳ್ತಾರೆ."

ಬ್ರಿಜಿತ್ ತಟ್ಟೆಯಿಂದ ಮುಖ ತಿರುಗಿಸಿದಳು. ಅವಳ ಸ್ವಂತ ಫೋನಿನಲ್ಲಿ ಕ್ಲೀಟಸ್‌ನ ದನಿಯೊಂದು ಬೆಳಿಗ್ಗೆಯಿಂದ ಕೇಳದೆ ಬಿದ್ದಿತ್ತು. ಹುಡುಕುವ ದೋಣಿಗಳಿಗೆಲ್ಲ ಮುಂದಾಳಾಗಿ ಅವನು ತನ್ನ 'ವಿಣ್ಮೀನ್' ದೋಣಿ ಹೊರಡಿಸುವ ಮುಂಚೆ ಕಳಿಸಿದ್ದು. ಊಟ ಮಾಡು, ನಿದ್ದೆ ಮಾಡು ಎಂದಿರುತ್ತಾನೆ. ಆಮೇಲೆ ಕೇಳಿದರಾಯಿತು.

"ಗುಂಪಿಗೆ ಬಂದ ದನಿ ಇನ್ನೊಂದು ಸಲ ಹಾಕು," ಎಂದಳು.

ಊರಿಗೆ ಊರೇ ಬಾಯಿಪಾಠ ಮಾಡಿದ್ದ ದನಿ ಅದು. ಕರಕರ ಸದ್ದಿನ ನಡುವೆ ಸಿಲುವೈ: "ಮಣಿಗೂಡಿನ ಶಿಲುಬೆ ಪರುಂದುಮಲೆಯ ಎರಡು ಕೊಂಬಿನ ನಡುವೆ ಬಂದು ನಿಂತಿದೆ. ಬಿಸಿಲಿಗೆ ಪಳಪಳ ಅಂತಿದೆ. ಪಡುವಲ ಬಂಡೆ ನನ್ನ ಕಾಲಡಿಗೇ ಇದೆ. ಇಲ್ಲೇ ಇದೀನಿ, ಇಲ್ಲೇ."

ಚರ್ಚಿನ ಗಂಟೆಗೋಪುರ, ಹಿಂದಿನ ಬೆಟ್ಟದ ಶಿಖರ, ಇಂಥ ದಡದ ಎರಡು ಗುರುತುಗಳು ಒಂದರ ಹಿಂದೊಂದು ಬಂದು ನಿಲ್ಲುವ ಜಾಗದಲ್ಲಿ ನೀರಿನಡಿ ಬಂಡೆ, ಬಂಡೆಯ ಸುತ್ತ ಮೀನು. ಆ ಗುರುತಿಗೆ ಇಲ್ಲಿಯವರು ಕಣಿಯಂ ಎನ್ನುತ್ತಾರೆ. ಅಪ್ಪ ಸಾಯುವಾಗ ಮಗನ ಕಿವಿಯಲ್ಲಿ ಹೇಳಿ ಸಾಯುವ ಮಾತು. ಊರ ದೋಣಿಗಳೆಲ್ಲ ಜಿಪಿಎಸ್ ಪರದೆಯ ಮೇಲೆ ಚುಕ್ಕಿ ನೋಡಿ ಬಲೆ ಬಿಡುವ ಕಾಲ ಬಂದರೂ ಸಿಲುವೈ ಆ ಯಂತ್ರ ಮುಟ್ಟಿರಲಿಲ್ಲ. ಪರದೆಗೆ ಸಿಕ್ಕಿದ್ದು ಪರರಿಗೂ ಸಿಗುತ್ತದೆ ಎನ್ನುತ್ತಿದ್ದ. ಅಂಥವನು ಪಡುವಲ ಬಂಡೆಯ ಕಣಿಯಂ ಅನ್ನು ಊರಿಗೆಲ್ಲ ಕೇಳುವಂತೆ ಬಿಟ್ಟುಕೊಟ್ಟನಲ್ಲ ಎಂದು ಮೊನ್ನೆ ಗುಂಪಿನಲ್ಲಿ ಕೇಳಿದಾಗಲೇ ಬ್ರಿಜಿತ್‌ಗೆ ಹೊಟ್ಟೆ ಉರಿದಿತ್ತು. ಯಾಕೆ ಉರಿಯಿತು ಎಂದು ಅವಳನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

"ನಂಗೂ ಹೇಳಿರಲಿಲ್ಲ ಅದನ್ನ," ಎಂದಳು ಫ್ಲೋರಿನ್. "ಹೆಂಡ್ತಿ ನಾನು. ಎಷ್ಟು ಸಲ ಕೇಳಿದೀನಿ. ಮುತ್ತು ಕೊಡ್ತೀನಿ, ಕಣಿಯಂ ಕೊಡಲ್ಲ ಅಂತಿದ್ರು. ಜೀವ ಹೋಗೋ ಹೊತ್ತಲ್ಲಿ ಬಾಯಿ ಬಿಟ್ರೋ ಏನೋ."

ನಿನಗೂ ಹೇಳಿರಲಿಲ್ಲವೇ! ಬ್ರಿಜಿತ್‌ಳ ಎದೆಯೊಳಗೆ ಏನೋ ಸಿಹಿಯಾಗಿ ಕುಣಿಯಿತು. ಗಂಡ ಕಾಣೆಯಾದ ಹೆಂಗಸಿನ ಮುಂದೆ ನಿಂತು ಹಾಗೆ ಕುಣಿಯಬಾರದಿತ್ತು. ಆದರೂ ಕುಣಿಯಿತು.

"ನಡಿ," ಎಂದಳು. "ವೈರ್‌ಲೆಸ್ ಕೋಣೆಗೆ. ನೀನು, ನಾನು, ಆ ರೂಬನ್, ಮೂರೂ ಜನ ಕೂತು ಮಾತಾಡೋಣ."

ಚರ್ಚಿನ ಅಂಗಳದಲ್ಲಿ ಹೆಂಗಸರು ಮೇಣದ ಬತ್ತಿ ಹಚ್ಚಿ ಜಪಮಾಲೆ ತಿರುಗಿಸುತ್ತಿದ್ದರು. ಮಧ್ಯಾಹ್ನದ ಪಡುವಣ ಗಾಳಿ ಬತ್ತಿಗಳನ್ನು ನಿಲ್ಲಗೊಡುತ್ತಿರಲಿಲ್ಲ. ಒಬ್ಬಳು ಮುದುಕಿ ಫೋನಿನಲ್ಲಿ ಕೂಗುತ್ತಿದ್ದಳು: "ಮಣಿಗೂಡಿನ ಹತ್ರ ಇದೀನಿ ಮಕ್ಕಾ, ಅಲ್ಲಿಗೇ ಬಾ!"

ಬ್ರಿಜಿತ್ ನಾಲ್ಕು ಹೆಜ್ಜೆ ಮುಂದೆ ಹೋಗಿ, ನಿಂತುಬಿಟ್ಟಳು.

ಮುದುಕಿ ಕೂತಿದ್ದ ಕಡೆ ಮಣಿಗೂಡು ಎಲ್ಲಿತ್ತು? ಗಂಟೆ ನೇತುಹಾಕಿದ್ದ ಆ ಹಳೆಯ ಗೋಪುರವನ್ನು ಈಸ್ಟರ್ ಮುಗಿದ ವಾರವೇ ಕೆಡವಿದ್ದರು. ಆ ಜಾಗದಲ್ಲಿ ಈಗ ಕೆಂಪು ದೀಪದ ಮೊಬೈಲ್ ಟವರ್ ನಿಂತಿತ್ತು. ಊರಿನ ನಾಲಿಗೆ ಮಾತ್ರ ಇನ್ನೂ ಹಳೆಯದನ್ನೇ ಹಿಡಿದುಕೊಂಡಿತ್ತು. ಮಣಿಗೂಡಿನ ಹತ್ತಿರ ಬಾ, ಮಣಿಗೂಡಿನ ಹತ್ತಿರ ಬಸ್ಸು ನಿಲ್ಲುತ್ತದೆ. ಆ ಮಾತು ದಿನವೂ ಕಿವಿಗೆ ಬೀಳುತ್ತಿದ್ದುದರಿಂದ ಗುಂಪಿನ ದನಿಯಲ್ಲೂ ಯಾರಿಗೂ ಅದು ಚುಚ್ಚಲಿಲ್ಲ.

ಆದರೆ ಕಣಿಯಂ ನಾಲಿಗೆಯಿಂದ ಹೇಳುವಂಥದ್ದಲ್ಲ, ಕಣ್ಣಿನಿಂದ ಹೇಳುವಂಥದ್ದು. ಶಿಲುಬೆ ಬಿಸಿಲಿಗೆ ಪಳಪಳ ಅನ್ನುತ್ತಿದೆ ಎಂದಿದ್ದ ಅವನು. ಆ ಶಿಲುಬೆ ಚರ್ಚಿನ ಹಿಂಗೋಡೆಗೆ ಒರಗಿ, ನೀಲಿ ಟಾರ್ಪಾಲಿನ ಕೆಳಗೆ, ಇಲ್ಲೇ, ಅವಳಿಂದ ಮಾರು ದೂರದಲ್ಲಿ ಮಲಗಿತ್ತು.

ಟಾರ್ಪಾಲಿನ ಅಂಚು ಎತ್ತಿ ನೋಡಿದಳು. ತಾಮ್ರದ ತಗಡಿನ ಮೇಲೆ ಕಾಗೆಯ ಹಿಕ್ಕೆ.

"ಏನಾಯ್ತು ಮೇಡಂ?" ಎಂದಳು ಫ್ಲೋರಿನ್ ಹಿಂದಿನಿಂದ.

"ಏನೂ ಇಲ್ಲ. ಬೇಗ ನಡಿ."

ದನಿ ಸಿಲುವೈನದೇ. ಆದರೆ ಮೊನ್ನೆಯದಲ್ಲ, ಹಳೆಯದು. ಯಾವಾಗಲೋ ಹೇಳಿದ್ದನ್ನು ಯಾರೋ ಇಟ್ಟುಕೊಂಡು, ಬೇಕಾದಾಗ ಬಿಟ್ಟಿದ್ದರು. ಅದನ್ನು ನಂಬಿ ಊರ ದೋಣಿಗಳೂ ಕರಾವಳಿ ಕಾವಲು ಪಡೆಯ ಹಡಗೂ ಪಡುವಣಕ್ಕೆ ಹೋಗಿ ಬರಿಯ ನೀರು ಸೋಸುತ್ತಿದ್ದವು. ಗಾಳಿ ಪಡುವಣದಿಂದ ಬೀಸುತ್ತಿತ್ತು. ಎಂಜಿನ್ ಸತ್ತ ದೋಣಿ ಮೂಡಣಕ್ಕೆ, ಇನ್ನೂ ಮೂಡಣಕ್ಕೆ ತೇಲುತ್ತಿರಬೇಕು. ಕುಡಿಯುವ ನೀರು ನಿನ್ನೆಗೇ ಮುಗಿದಿರುತ್ತದೆ.

ವೈರ್‌ಲೆಸ್ ಕೋಣೆಯಲ್ಲಿ ರೂಬನ್ ಹಾಲಿಲ್ಲದ ಕಟ್ಟಂಚಾಯ ಕುಡಿಯುತ್ತಿದ್ದ. ಬ್ರಿಜಿತ್ ಬಾಗಿಲು ಮುಚ್ಚಿ ಬೆನ್ನು ಕೊಟ್ಟು ನಿಂತಳು.

"ಸಿಲುವೈ ದನಿ ಈ ಸೆಟ್ಟಿಗೆ ಬಂತು ಅಂತ ಬೈಬಲ್ ಮುಟ್ಟಿ ಹೇಳ್ತೀಯಾ?"

"ಯಾಕಕ್ಕಾ, ಆಗ್ಲೇ ಹೇಳಿದ್ನಲ್ಲ..."

"ಅಕ್ಕ ಅಲ್ಲ, ಮೇಡಂ. ಬಿದ್ದುಹೋದ ಮಣಿಗೂಡು ನಿನ್ನ ಸೆಟ್ಟಿನಲ್ಲಿ ಮಾತ್ರ ಎದ್ದು ನಿಂತಿತ್ತಾ? ಪಳಪಳ ಅಂತಿತ್ತಾ?"

ರೂಬನ್‌ನ ಬಾಯಿ ತೆರೆದುಕೊಂಡಿತು. ಗಾಜಿನ ಲೋಟ ಕೆಳಗಿಟ್ಟ. ಫ್ಲೋರಿನ್ ಒಬ್ಬರಾದ ಮೇಲೊಬ್ಬರ ಮುಖ ನೋಡಿದಳು. ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಅರ್ಥವಾದದ್ದೇ ತಡ, ಹಾರಿ ರೂಬನ್‌ನ ಅಂಗಿ ಹಿಡಿದಳು.

"ಹೇಳೋ! ಅದು ಅವರ ಹಳೆ ಮಾತಾ? ಹಾಗಾದ್ರೆ ಅವರೆಲ್ಲೋ?"

"ನಾಟಕ ಸಾಕು ಫ್ಲೋರಿನ್," ಎಂದಳು ಬ್ರಿಜಿತ್. "ಗಂಡನ ಹಳೆ ದನಿ ಯಾರ ಹತ್ರ ರಾಶಿ ಬಿದ್ದಿದೆ? ನಿನ್ನ ಹತ್ರ. ಅದನ್ನ ಗುಂಪಿಗೆ ಹಾಕೋ ಕೈ ಯಾರದ್ದು? ಇವನದ್ದು. ಇನ್ನೇನು ಬೇಕು ನಂಗೆ?"

"ನನ್ನ ಹತ್ರ ಇರೋ ದನಿಯೆಲ್ಲ ಈಗ ತಾನೇ ಕೇಳಿದ್ರಲ್ಲ! ಒಂದರಲ್ಲಾದ್ರೂ ಕಣಿಯಂ ಇತ್ತಾ?"

ಇರಲಿಲ್ಲ. ಅಷ್ಟರಲ್ಲಿ ರೂಬನ್ ಅಳಲು ಶುರುಮಾಡಿದ್ದ, ಮೂಗು ಸೋರಿಸಿಕೊಂಡು, ಬಿಕ್ಕಿ ಬಿಕ್ಕಿ.

"ನಾನು ಕೋಣೇಲಿ ಇರಲಿಲ್ಲ ಮೇಡಂ. ಫುಟ್‌ಬಾಲ್ ಇತ್ತು. ಇಲ್ಲಿ ಸಿಗ್ನಲ್ ಸರಿ ಬರಲ್ಲ ಅಂತ ಹಿಂದಿನ ತೆಂಗಿನ ಮರದ ಹತ್ರ ಹೋಗಿ ಫೋನಲ್ಲಿ ನೋಡ್ತಿದ್ದೆ. ಆಗ ಗೊತ್ತಿಲ್ಲದ ನಂಬರಿಂದ ಈ ದನಿ ಬಂತು. ಕೆಳಗೆ ಬರೆದಿತ್ತು, ಸಿಲುವೈ ಕೂಗ್ತಿದಾನೆ, ನಿನ್ನ ಸೆಟ್ಟು ಎತ್ತಲಿಲ್ಲ, ನನ್ನ ದೋಣಿಗೆ ಕೇಳಿಸ್ತು, ಗುಂಪಿಗೆ ಹಾಕು ಅಂತ. ಕೇರಳದ ಯಾವುದೋ ದೋಣಿ ಅನ್ಕೊಂಡೆ. ನಾನೇ ಕೇಳಿಸ್ಕೊಂಡೆ ಅಂತ ಹಾಕ್ಬಿಟ್ಟೆ. ಇಲ್ಲಾಂದ್ರೆ ಕೆಲಸ ಹೋಗ್ತಿತ್ತು."

"ಬಂದ ಹಾಗೇ ಹಾಕಿದ್ಯಾ?"

"ಇಲ್ಲ... ಮುಂದಿನ ಚೂರು ಕತ್ತರಿಸ್ದೆ."

"ಯಾಕೆ?"

"ಅದರಲ್ಲಿ ಸುಮ್ನೆ ಮೀನಿನ ಮಾತಿತ್ತು ಮೇಡಂ. ನೆತ್ತಿಲಿ, ನೆತ್ತಿಲಿ ಅಂತ. ಪಾಪ ಸಾಯೋ ಹೊತ್ತಲ್ಲೂ ಮೀನು ಎಷ್ಟು ಬಿತ್ತು ಅಂತ ಹೇಳ್ತಿದಾರೆ ಅನ್ಕೊಂಡೆ. ಜನ ಮುಖ್ಯವಾದ್ದು ಬಿಟ್ಟು ನೆತ್ತಿಲಿ ಎಲ್ಲಿ ಬಿದ್ದಿದೆ ಅಂತ ಅಲ್ಲಿಗೇ ಓಡ್ತಾರೆ. ಅದಕ್ಕೇ..."

"ಅದನ್ನ ಅಳಿಸಿಬಿಡು," ಎಂಬ ಮಾತು ಬ್ರಿಜಿತ್‌ಳ ಗಂಟಲವರೆಗೆ ಬಂತು. ಪೊಲೀಸರ ಬಾಯಿಂದ ಬರಬಾರದ ಮಾತು. ಅವಳು ಅದನ್ನು ನುಂಗುವುದರೊಳಗೆ ಫ್ಲೋರಿನ್ ರೂಬನ್‌ನ ಕೈಯಿಂದ ಫೋನು ಕಸಿದು ಒತ್ತಿಯೇ ಬಿಟ್ಟಿದ್ದಳು.

ಕರಕರ ಸದ್ದು. ಆಮೇಲೆ ಸಿಲುವೈ, ಈಗಿನದಕ್ಕಿಂತ ಎಳೆಯ ದನಿಯಲ್ಲಿ, ನಗುತ್ತಾ:

"ಏ ನೆತ್ತಿಲಿ, ಎದ್ದಿದೀಯಾ? ನೆತ್ತಿಲಿ ಹಾಗೆ ಸಣ್ಣಗಿದ್ದೋಳು ಪೊಲೀಸ್ ಓಟ ಹೇಗೆ ಓಡಿದ್ಯೇ? ಖಾಕಿ ಹಾಕ್ಕೊಂಡ ಮೇಲೆ ನನ್ನ ಮರೀಬೇಡ. ತಗೋ, ನಿಂಗೊಂದು ಉಡುಗೊರೆ. ಅಪ್ಪ ನಂಗೆ ಕೊಟ್ಟಿದ್ದು, ನಾನು ಇನ್ಯಾರಿಗೂ ಕೊಡಲ್ಲ. ಮಣಿಗೂಡಿನ ಶಿಲುಬೆ ಪರುಂದುಮಲೆಯ ಎರಡು ಕೊಂಬಿನ ನಡುವೆ ಬಂದು ನಿಂತಿದೆ..."

ಮಣಲ್ತುರೈಯಲ್ಲಿ ಪೊಲೀಸ್ ಓಟ ಓಡಿದ ಹೆಣ್ಣು ಒಬ್ಬಳೇ.

ಫ್ಲೋರಿನ್ ಬಹಳ ನಿಧಾನವಾಗಿ ತಲೆ ಎತ್ತಿದಳು. ಬ್ರಿಜಿತ್‌ಳ ಖಾಕಿಯನ್ನು, ಈಗ ಬಿಗಿಯಾಗಿದ್ದ ಬೆಲ್ಟನ್ನು, ಮುಖವನ್ನು, ಮೊದಲ ಸಲ ನೋಡುವಂತೆ ನೋಡಿದಳು.

"ನಿದ್ದೇಲೂ ಅಂತಿದ್ರು," ಎಂದಳು. "ನೆತ್ತಿಲಿ, ನೆತ್ತಿಲಿ ಅಂತ. ಕನಸಲ್ಲೂ ಮೀನೇ ಇವರಿಗೆ ಅಂತ ನಗ್ತಿದ್ದೆ. ಬೆಳಿಗ್ಗೆ ಎದ್ದು ಸಂತೆಗೆ ಓಡಿ, ತಂದು, ಹುರಿದು ಹಾಕ್ತಿದ್ದೆ. ಇಷ್ಟು ವರ್ಷ ನನ್ನ ಕೈಯಾರೆ ನಿನ್ನನ್ನೇ ಹುರಿದು ಬಡಿಸ್ತಿದ್ನೇನೇ?"

"ಫ್ಲೋರಿನ್, ಅದೆಲ್ಲ ನಿನ್ನ ಮದುವೆಗೆ ಮುಂಚೆ..."

"ಕಣಿಯಂ ನಿಂಗೆ ಕೊಟ್ಟಿದ್ರು. ನಂಗೆ ಮರಗೆಣಸು ಬೇಯಿಸು ಅಂದ್ರು." ಫೋನನ್ನು ಬ್ರಿಜಿತ್‌ಳ ಮುಖದ ಹತ್ತಿರ ಹಿಡಿದಳು. "ಈಗ ಹೇಳಿ ಮೇಡಂ. ಹಳೆ ದನಿ ಯಾರ ಹತ್ರ ಇತ್ತು? ನನ್ನ ಹತ್ರಾನಾ?"

ಬ್ರಿಜಿತ್ ಈಗ ತಾನೇ ಕೇಳಿದ್ದ ಪ್ರಶ್ನೆ.

ಮೊನ್ನೆ ಗುಂಪಿನಲ್ಲಿ ಅದನ್ನು ಕೇಳಿದಾಗ ಅವಳಿಗೆ ಅನ್ನಿಸಿದ್ದು ಒಂದೇ: ನನಗೊಬ್ಬಳಿಗೇ ಹೇಳಿದ್ದನ್ನು ಈಗ ಊರಿಗೆಲ್ಲ ಹೇಳಿದನಲ್ಲ! ಅದೇ ಮಾತು, ಅದೇ ಉಸಿರು, ಅದೇ ಪಳಪಳ. ಎಷ್ಟು ಸಲ ಕೇಳಿದ್ದಳು ಅದನ್ನು, ತರಬೇತಿಯ ಬ್ಯಾರಕ್ಕಿನಲ್ಲಿ ಹೊದಿಕೆಯೊಳಗೆ ಫೋನು ಕಿವಿಗೊತ್ತಿಕೊಂಡು. ಆದರೂ ಗುರುತು ಹಿಡಿಯಲಿಲ್ಲ. ಹೊಟ್ಟೆಕಿಚ್ಚು ಕಣ್ಣಿಗಷ್ಟೇ ಅಲ್ಲ, ಕಿವಿಗೂ ಹೊಗೆ ಹಾಕಿತ್ತು.

ಆ ದನಿ ಇದ್ದದ್ದು ಒಂದೇ ಕಡೆ. ಪರದೆ ಒಡೆದ ಅವಳ ಹಳೆಯ ಫೋನಿನಲ್ಲಿ, ಬೀರುವಿನ ತಳದಲ್ಲಿ, ಮದುವೆಯ ಸೀರೆಯ ಅಡಿಯಲ್ಲಿ. ಹೋದ ತಿಂಗಳು ಕ್ಲೀಟಸ್ ಅದನ್ನು ಕೈಯಲ್ಲಿ ಹಿಡಿದು ಬಂದು ಕೇಳಿದ್ದ: "ಇದನ್ನ ಎಸೆಯೋದಾ?" ಬೇಡ, ತರಬೇತಿಯ ಫೋಟೋಗಳಿವೆ ಎಂದಿದ್ದಳು. "ಹಾಗಾದ್ರೆ ರಿಪೇರಿ ಮಾಡಿಡ್ತೀನಿ," ಎಂದು ಅವನು ಜೇಬಿಗೆ ಹಾಕಿಕೊಂಡಿದ್ದ. ಅವನ ಕೈಗೆ ಸಿಕ್ಕಿ ಜೀವ ಬರದ ಯಂತ್ರವಿಲ್ಲ.

ಎಂಜಿನ್ನಿನ ಬಿಡಿಭಾಗಗಳ ಚೀಲ. ಸಿಲುವೈ ಹೊರಟ ದಿನವೇ ಕಡಲಿಗಿಳಿದಿದ್ದ 'ವಿಣ್ಮೀನ್'. ಹುಡುಕಲು ಎಲ್ಲರಿಗಿಂತ ಮುಂದೆ ನಿಂತ ಕ್ಲೀಟಸ್, ಎಲ್ಲರನ್ನೂ ಪಡುವಣಕ್ಕೆ ಕರೆದುಕೊಂಡು ಹೋದ ಕ್ಲೀಟಸ್.

"ಮಾತಾಡು!" ಫ್ಲೋರಿನ್ ಕಿರುಚಿದಳು. "ಸುಮ್ನೆ ನಿಂತ್ಕೋಬೇಡ. ನಿನ್ನ ಗುಟ್ಟು ಏನಾದ್ರೂ ಆಗ್ಲಿ, ನಂಗೆ ಬೇಡ. ಅವರನ್ನ ತಂದುಕೊಡು. ಆಮೇಲೆ ಬೇಕಾದ್ರೆ ನೀನೇ ಇಟ್ಕೋ, ಉಸಿರಿದ್ರೆ ಸಾಕು ನಂಗೆ!"

ಆ ಮಾತು ಬ್ರಿಜಿತ್‌ಳ ಕೆನ್ನೆಗೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಅವಳು ಫ್ಲೋರಿನ್‌ಳ ಎಲ್ಲವನ್ನೂ ಕಂಡು ಕರುಬಿದ್ದಳು, ಇಂಥ ಮನಸ್ಸೊಂದು ಅವಳಲ್ಲಿರಬಹುದೆಂದು ಮಾತ್ರ ಎಣಿಸಿರಲಿಲ್ಲ. ಅದಕ್ಕೂ ಈಗ ಹೊಟ್ಟೆ ಉರಿಯಿತು.

ಹುಡುಕುವವರನ್ನು ಮೂಡಣಕ್ಕೆ ತಿರುಗಿಸಬೇಕು, ಈಗಲೇ. ಕಾರಣ ಕೊಡದೆ ಕಾವಲು ಪಡೆಯ ಹಡಗು ತಿರುಗುವುದಿಲ್ಲ. ಕಾರಣ ಕೊಟ್ಟರೆ ಕಡಲ ಮೇಲಿರುವ ಪ್ರತಿಯೊಂದು ದೋಣಿಯೂ ಕೇಳಿಸಿಕೊಳ್ಳುತ್ತದೆ.

ಬ್ರಿಜಿತ್ ಮೈಕು ಎತ್ತಿಕೊಂಡಳು. "ಎಲ್ಲ ದೋಣಿಗಳಿಗೂ, ಮಣಲ್ತುರೈಯಿಂದ. ಪಡುವಲ ಬಂಡೆಯ ಹತ್ರ ಹುಡುಕೋದು ನಿಲ್ಲಿಸಿ. ಮೂಡಣಕ್ಕೆ ತಿರುಗಿ. ಸಿಲುವೈ ದನಿ ಮೊನ್ನೆಯದಲ್ಲ."

ಕಾವಲು ಪಡೆಯವನ ದನಿ ಬಂತು: "ಏನು ಆಧಾರ? ಯಾರು ಹೇಳಿದ್ದು?"

"ನಾನು, ಸಬ್ ಇನ್ಸ್‌ಪೆಕ್ಟರ್ ಬ್ರಿಜಿತ್." ಫ್ಲೋರಿನ್ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. "ಅದು ಮಣಿಗೂಡು ಇನ್ನೂ ಇದ್ದಾಗ ಹೇಳಿದ ಮಾತು. ತುಂಬ ವರ್ಷದ ಹಿಂದೆ ಸಿಲುವೈ ನಂಗೆ ಕಳಿಸಿದ್ದು. ನನಗೊಬ್ಬಳಿಗೇ."

ಗುಂಡಿಯಿಂದ ಬೆರಳು ತೆಗೆದಳು. ಸೆಟ್ಟಿನಲ್ಲಿ ಬರೀ ಗಾಳಿಯ ಸದ್ದು.

ಆಮೇಲೆ ಒಂದು ದನಿ ಬಂತು. ಮಾತು ಕಡಿಮೆಯಾದ, ಅವಸರವಿಲ್ಲದ, ಅವಳು ದಿನವೂ ಕೇಳುವ ದನಿ.

"ವಿಣ್ಮೀನ್‌ನಿಂದ. ಬೆಳಿಗ್ಗೆ ನಾನು ಕಳಿಸಿದ್ದು ಕೇಳಿದ್ಯಾ ಬ್ರಿಜಿತ್? ಕೇಳಿರಲ್ಲ. ಅವನ ದನಿ ಕೇಳ್ತಾ ಕೂತಿರ್ತೀಯ."

"ಕ್ಲೀಟಸ್, ಅವನು ಎಲ್ಲಿದಾನೆ?"

"ಆ ಫೋನು ಇಷ್ಟು ವರ್ಷ ಯಾಕೆ ಇಟ್ಕೊಂಡಿದ್ದೆ? ಎಲ್ಲರೂ ಕೇಳ್ತಿದಾರೆ, ಮೊದಲು ಅದನ್ನ ಹೇಳು. ನಿಜ ಹೇಳಿದ್ರೆ ಅವನೆಲ್ಲಿದಾನೆ ಅಂತ ನಾನು ಹೇಳ್ತೀನಿ."